ಬಲಗಾಲಿನ ಬ್ರೇಕು

ಪದ್ಮರಾಜಯ್ಯನವರು ಯಾವ ಗಾಡಿಯನ್ನೂ ಬಂದವರೇ ಒದ್ದು ಸ್ಟಾರ್ಟ್ ಮಾಡಿದವರಲ್ಲ. ಮೊದಲು ಬಗ್ಗಿ ಇಂಜಿನ್ನಿನ ಸಂದುಗೊಂದಿಗೆಲ್ಲ ಉಫ್ ಎಂದು ಊದುವರು. ಆಮೇಲೆ ಟ್ಯಾಂಕಿನ ಮೇಲೆ ಮೂರು ಸಲ ತಟ್ಟುವರು. "ಇರುವೆ, ಜೇಡ ಏನಾರ ಕೂತಿದ್ರೆ ಎದ್ದು ಹೋಗ್ಲಿ. ಅವಕ್ಕೂ ಸಂಸಾರ ಐತೆ" ಎನ್ನುವರು. ಹಳೇಬೀಡಿನ ಜೈನರ ಮನೆಯವರು. ತಮ್ಮನಾದವನು ಮನೆಯ ಅಂಗಡಿ, ಜಮೀನು ನೋಡಿಕೊಂಡರೆ ಇವರು ಗ್ರೀಸಿನ ವಾಸನೆಗೆ ಮನಸೋತು ಅರಸೀಕೆರೆಗೆ ಬಂದು ಬುಲೆಟ್ ರಿಪೇರಿಗೆ ಕೂತಿದ್ದರು. ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕಲ್ಲ, ಅದಕ್ಕೇ ಎಂಥ ದೊಡ್ಡ ಗೌಡರ ಗಾಡಿ ಬಿಚ್ಚಿಕೊಂಡು ಬಿದ್ದಿದ್ದರೂ ಐದು ಗಂಟೆಗೆ ಸ್ಪ್ಯಾನರ್ ಕೆಳಗಿಟ್ಟು ಕೈಗೆ ಸೀಮೆಎಣ್ಣೆ ತಿಕ್ಕಿಕೊಳ್ಳಲು ಶುರು ಮಾಡುವರು.

ಜಪಾನಿನ ವಿಚಾರ ಎತ್ತಿದರೆ ಮಾತ್ರ ಅವರ ಬಾಯಿ ನಿಲ್ಲುತ್ತಿರಲಿಲ್ಲ. ಜಪಾನನ್ನು ಅವರು ಕಂಡದ್ದು ಹಳೇಬೀಡಿನ ದೇವಸ್ಥಾನದ ಮುಂದೆ. ಅಲ್ಲಿಗೆ ಬಂದ ಜಪಾನಿ ಪ್ರವಾಸಿಯೊಬ್ಬ ಶಿಲ್ಪಗಳನ್ನು ಬಿಟ್ಟು, ಎರಡೂ ಕಡೆ ತೆಂಗಿನಕಾಯಿ ಮೂಟೆ ಕಟ್ಟಿ ನಿಲ್ಲಿಸಿದ್ದ ಬುಲೆಟ್ಟಿನ ಫೋಟೋ ಹೊಡೆದನಂತೆ. ನಿಮ್ಮೂರಲ್ಲಿ ಹೇಗೆ ಎಂದು ಇವರು ಕೈಸನ್ನೆಯಲ್ಲಿ ಕೇಳಿದರೆ, ಅವನು ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು, ಇನ್ನೊಂದು ಕೈಯಲ್ಲಿ ಹೆಗಲ ಮೇಲೆ ಊಟದ ಬಟ್ಟಲುಗಳನ್ನು ಪೇರಿಸಿಕೊಂಡು ಹೋಗುವವನ ಹಾಗೆ ಅಭಿನಯಿಸಿ ತೋರಿಸಿದನಂತೆ.

"ಅಷ್ಟೇಯಾ ನೋಡು" ಎಂದು ಪದ್ಮರಾಜಯ್ಯನವರು ತೀರ್ಪು ಕೊಡುತ್ತಿದ್ದರು. "ಅವರದ್ದು ಹೋಟ್ಲು ಊಟ ಹೊರೋ ಗಾಡಿ. ನಮ್ಮದು ಎರಡು ಮೂಟೆ ಕಾಯಿ, ಹಿಂದೆ ಹೆಂಡ್ರು, ಮುಂದೆ ಮಗು ಹೊರೋ ಗಾಡಿ. ಅವರಿಗೆ ಸದ್ದು ಮಾಡಬಾರದು, ನಮ್ಮೋರಿಗೆ ಗೌಡ್ರು ಬಂದ್ರು ಅಂತ ಊರ ಬಾಗಿಲಿಗೇ ಗೊತ್ತಾಗ್ಬೇಕು. ಸದ್ದಿಲ್ಲದಿದ್ರೆ ಅದೇನು ಗಾಡಿನಾ, ಹೊಲಿಗೆ ಮಿಷನ್ನಾ?"

ಈಗ ನನ್ನ ಕತೆ. ನಾನು ಬಾಣಾವರದಲ್ಲಿ ಪಶುವೈದ್ಯ ಇಲಾಖೆಯ ಸ್ಟಾಕ್‌ಮನ್, ಹಳ್ಳಿ ತಿರುಗಿ ದನಗಳಿಗೆ ಮದ್ದು ಹಾಕುವ ಕೆಲಸ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎಡಗಾಲು ಸಣಕಲಾಗಿತ್ತು. ಎಲ್ಲಿಗೆ ಹೋಗಬೇಕಾದರೂ ಬಸ್ಸೇ ಗತಿ. ಒಂದು ಸಲ ಕಣಕಟ್ಟೆಯಿಂದ ಕರೆ ಬಂತು, ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿಕೊಂಡಿದೆ ಎಂದು. ಎರಡು ಬಸ್ಸು ಬದಲಾಯಿಸಿ ಹೋಗುವಷ್ಟರಲ್ಲಿ ಹಸುವೂ ಇಲ್ಲ, ಕರುವೂ ಇಲ್ಲ. ಆ ಮನೆಯ ಅಜ್ಜಿ ಬೈಯಲಿಲ್ಲ. "ಒಂದು ಗಂಟೆ ಮುಂಚೆ ಬಂದಿದ್ರೆ ಆಗ್ತಿತ್ತೇನೋ ಸ್ವಾಮಿ" ಎಂದರು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಮಾರನೇ ದಿನವೇ ಪದ್ಮರಾಜಯ್ಯನವರ ಮುಂದೆ ನಿಂತು, ನನಗೂ ಗಾಡಿ ಕಲಿಸಿ ಎಂದೆ. ಅವರು ನನ್ನ ಕಾಲನ್ನೇ ನೋಡಿದರು. ಬುಲೆಟ್ಟಿನಲ್ಲಿ ಆಗ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ.

"ಆಗಲ್ಲ ಕಣೋ ಶಿವಲಿಂಗ. ಈ ಕಾಲು ಬ್ರೇಕು ಒತ್ತಲ್ಲ. ಇರುವೆ ಕೊಲ್ಲದೋನ ಕೈಲಿ ನಿನ್ನ ಕೊಲ್ಲಿಸ್ತೀಯಾ?"

ನನಗೆ ಮೈಯೆಲ್ಲ ಉರಿದುಹೋಯಿತು. ದೊಡ್ಡ ಮೇಸ್ತ್ರಿಯಂತೆ ಮೇಸ್ತ್ರಿ ಎಂದು ಗೊಣಗಿಕೊಂಡು ಬಂದವನು ಆರು ತಿಂಗಳು ಅವರ ಅಂಗಡಿ ಕಡೆ ತಲೆ ಹಾಕಲಿಲ್ಲ.

ಎಂಬತ್ತರ ದಶಕದ ನಡುವಿಗೆ ಜಪಾನಿ ನಮೂನೆಯ ಪುಟ್ಟ ಗಾಡಿಗಳು ನಮ್ಮ ಕಡೆಗೂ ಬಂದವು. ಅರಸೀಕೆರೆಯ ಕಾಯಿ ವ್ಯಾಪಾರಿಯೊಬ್ಬರು ಹೊಸದೊಂದನ್ನು ತಂದು, "ಒಂದು ರೌಂಡ್ ಹೊಡೀರಿ ಮೇಸ್ತ್ರಿ" ಎಂದರಂತೆ. ಇವರು ಮೂಗು ಮುರಿಯುತ್ತಲೇ ಹತ್ತಿದರು. ಕಾಯಿ ಮಂಡಿಯ ತಿರುವಿನಲ್ಲಿ ಎಮ್ಮೆ ಅಡ್ಡ ಬಂತು. ಮೂವತ್ತು ವರ್ಷದ ಅಭ್ಯಾಸ ನೋಡಿ, ಎಡಗಾಲಲ್ಲಿ ಬಲವಾಗಿ ತುಳಿದರು. ಆದರೆ ಆ ಗಾಡಿಯಲ್ಲಿ ಎಡಕ್ಕಿದ್ದದ್ದು ಗೇರು. ಗಾಡಿ ನಿಲ್ಲುವುದೆಲ್ಲಿ ಬಂತು? ಎಮ್ಮೆಯನ್ನು ತಪ್ಪಿಸಲು ಹ್ಯಾಂಡಲ್ ತಿರುಗಿಸಿ ನೇರ ತೆಂಗಿನಕಾಯಿ ರಾಶಿಗೇ ನುಗ್ಗಿದರು.

ಮಂಡಿಗೆ ಮಂಡಿಯೇ ನಕ್ಕಿತಂತೆ. ಬೇರೆ ಯಾರಾದರೂ ಆಗಿದ್ದರೆ ಜಪಾನಿಗೆ ಶಾಪ ಹಾಕುತ್ತಿದ್ದರು. ಇವರು ಮಾತ್ರ ಊದಿದ ಮೊಣಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಮುಂದಿನ ಬಸ್ಸಿಗೇ ಬಾಣಾವರಕ್ಕೆ ಬಂದರು. ನಾನು ಸಿಟ್ಟಿನಲ್ಲಿ ಮುಖ ತಿರುಗಿಸಿದೆ.

"ಮುನಿಸು ಆಮೇಲೆ ಇಟ್ಕೊ" ಎಂದರು ಏದುಸಿರು ಬಿಡುತ್ತ. "ಲೋ, ಅದ್ರಲ್ಲಿ ಬ್ರೇಕು ಬಲಗಡೆ ಐತೆ ಕಣೋ! ನಿನ್ನ ಗಟ್ಟಿ ಕಾಲಿಗೆ! ಗಾಡೀನೂ ಹಗುರ, ಒಂದೇ ಕಾಲಲ್ಲಿ ಹಿಡ್ಕೊಬೋದು."

ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂತೆಂದು ಹೇಳಲು ನನಗೆ ನಾಚಿಕೆಯಿಲ್ಲ.

ಸಾಲ ಮಾಡಿ ಅಂಥದ್ದೇ ಗಾಡಿ ತಂದೆ. ಗೇರು ಒತ್ತುವಷ್ಟೂ ಕಸು ನನ್ನ ಎಡಗಾಲಿಗೆ ಇರಲಿಲ್ಲ. ಪದ್ಮರಾಜಯ್ಯನವರು ಗೇರಿನ ಪೆಡಲನ್ನು ಉದ್ದ ಮಾಡಿ, ಅದಕ್ಕೊಂದು ಅಗಲವಾದ ಪ್ಲೇಟು ಬೆಸೆದರು, ತೊಡೆ ಎತ್ತಿ ಇಟ್ಟರೆ ಸಾಕು, ಕಾಲಿನ ಭಾರಕ್ಕೇ ಗೇರು ಬೀಳುವಂತೆ. ಮೂರು ಸಲ ಮಾಡಿದರು, ಮೂರು ಸಲ ಕಿತ್ತರು. ನನಗೆ ಕಲಿಸುವ ಮುಂಚೆ ತಾವೇ ಎಡಗಾಲನ್ನು ಜೋಲುಬಿಟ್ಟು ರೈಲ್ವೆ ಮೈದಾನದಲ್ಲಿ ಒಂದು ವಾರ ಓಡಿಸಿ ನೋಡಿದರು. "ಏನ್ ಮೇಸ್ತ್ರಿ, ಹೊಲಿಗೆ ಕಲೀತಿದೀರಾ?" ಎಂದು ಬುಲೆಟ್ಟಿನವರು ಛೇಡಿಸಿದರೆ, "ಹೂಂ ಕಣ್ರೀ, ಅಂಗಿ ಹರಿದ್ರೆ ತಗೊಂಬನ್ನಿ" ಎನ್ನುತ್ತಿದ್ದರು. ಆಮೇಲೆ ನಾನು ಹೋದಲ್ಲಿ ಬದುಕಿದ ಹಸುಕರುಗಳ ಪುಣ್ಯದಲ್ಲಿ ಅರ್ಧ ಅವರದ್ದೇ.

ಕೆಲವು ವರ್ಷಗಳ ನಂತರ ಕಾಯಿಲೆಯಾಗಿ ಅವರು ಹಳೇಬೀಡಿನ ತಮ್ಮನ ಮನೆ ಸೇರಿದರು. ಒಂದು ಮಧ್ಯಾಹ್ನ ಆ ತಮ್ಮ ನಮ್ಮ ಪಕ್ಕದ ಅಂಗಡಿಗೆ ಫೋನ್ ಮಾಡಿ, "ಅಣ್ಣ ನಿಮ್ಮ ಹೆಸರು ಹೇಳ್ತಿದಾರೆ" ಎಂದರು. ಹಳೇಬೀಡಿನ ಬಸ್ಸು ಆಗತಾನೇ ಹೋಗಿತ್ತು, ಇನ್ನೊಂದು ಸಂಜೆಗೆ. ಗಾಡಿ ಎಳೆದು ಜಾವಗಲ್ ಹಾದಿ ಹಿಡಿದೆ.

ಪಡಸಾಲೆಯ ಚಾಪೆಯ ಮೇಲೆ ಸೊರಗಿ ಮಲಗಿದ್ದರು. ಕಣ್ಣು ಬಿಟ್ಟು, "ಯಾರ ಹಿಂದೆ ಕೂತು ಬಂದೆ?" ಎಂದರು.

"ಯಾರ ಹಿಂದೇನೂ ಇಲ್ಲ ಪದ್ಮರಾಜಣ್ಣ, ಒಬ್ನೇ ಬಂದೆ. ನನಗೆ ಕಾಲು ಕೊಟ್ಟೋರು ನೀವಲ್ವಾ?"

"ಕಾಲು ನಿಂದೇ ಕಣೋ. ನಾನು ಪ್ಲೇಟು ಬೆಸೆದೆ" ಎಂದು ನಕ್ಕರು. ನನ್ನ ಕೈ ಹಿಡಿದುಕೊಂಡರು. ನಾನು ಬಿಡಿಸಿಕೊಳ್ಳಲಿಲ್ಲ.

ಅವರ ಜೀವ ಹೋದಾಗ ನಾಲ್ಕೂವರೆ. ಸಂಜೆಯ ಬಸ್ಸು ಇನ್ನೂ ಬಾಣಾವರ ಬಿಟ್ಟಿರಲಿಲ್ಲ.