ಕರಾಚಿಯಿಂದ ಬಂದ ಹೆಪ್ಪು

ಇವತ್ತು ಹಾಲಿಗೆ ಹೆಪ್ಪು ಹಾಕುವಾಗ ಮೊಸರಿನ ವಾಸನೆಗೆ ಕುಬಿಹಾಳದ ನಮ್ಮಜ್ಜಿ ನೆನಪಾದಳು.

ಗಟ್ಟಿಗಿತ್ತಿ ಅವಳು. ದುಡಿಯಲು ಹೊರಟ ಅಜ್ಜನ ಜೊತೆ ಕರಾಚಿಗೆ ಹೋಗಿ ನೆಲೆಸಿದ್ದಳು. ದೇಶ ಒಡೆದಾಗ ಮನೆಮಾರು ಬಿಟ್ಟು ಊರಿಗೆ ಓಡಿ ಬಂದಳು. ಹೋಗುವಾಗಲೂ ಬರುವಾಗಲೂ ಉಡಿಯಲ್ಲಿದ್ದದ್ದು ಮನೆಯ ಮೊಸರಲ್ಲಿ ಅದ್ದಿ ಒಣಗಿಸಿದ ಅರಿವೆಯ ಚೂರು. ಹಾಲಿಗೆ ಹಾಕಿದರೆ ಮತ್ತೆ ಅದೇ ಮೊಸರು. ಓಣಿಗೆಲ್ಲ ಅವಳದೇ ಹೆಪ್ಪು.

ನಾನು ಸಣ್ಣವಳಿದ್ದಾಗ ಒಂದು ಸಂಜೆ ಬೆಕ್ಕು ಮೊಸರಿನ ಗಡಿಗೆ ಉರುಳಿಸಿತು, ಹನಿಯೂ ಉಳಿಯಲಿಲ್ಲ.

"ಕರಾಚಿಯಿಂದ ಉಳಿಸಿ ತಂದದ್ದನ್ನ ಬೆಕ್ಕು ಕಳೀತಲ್ಲೇ!" ಎಂದು ಅಜ್ಜಿ ಓಣಿಗೆಲ್ಲ ಕೇಳುವಂತೆ ಕೂಗಿದಳು.

ಅಷ್ಟರಲ್ಲಿ ನೆರೆಮನೆಯ ಗಂಗವ್ವ ಮೊಸರಿನ ಬಟ್ಟಲು ಹಿಡಿದು ಬಂದಳು.

"ದೀಪ ಹಚ್ಚಿದ ಮ್ಯಾಲ ಮೊಸರು ಹೊರಗ ಕೊಡಬಾರದು ಅಂತಿದ್ದಿಯಲ್ಲ ಬೇ?" ಎಂದಳು ಅಜ್ಜಿ.

"ಎಲ್ಲಿ ಹೊರಗರಿ, ಅತ್ತಿ? ಇದು ತವರಿಗೆ ಬಂದೈತಿ."

ಈಗ ನನ್ನ ಬಟ್ಟಲಲ್ಲಿರುವುದೂ ಅದೇ ಹೆಪ್ಪು.