ಗೌರಿ ಚಿಕ್ಕಮ್ಮನ ‘ಯಾಕೆ?’

ಗೌರಿ ಚಿಕ್ಕಮ್ಮ ತನ್ನ ಹೊಟ್ಟೆಯ ಸಂಗತಿಯನ್ನು ಪಕ್ಕದ ಮನೆಯವರ ಸಂಗತಿಯ ಹಾಗೆ ಹೇಳುತ್ತಿದ್ದಳು. “ಇವತ್ತು ಸುಮ್ನವ್ರೆ ಕಣೋ, ಸದ್ದಿಲ್ಲ,” ಎನ್ನುವಳು. ಇಲ್ಲವೇ, “ಬೆಳಗಿಂದ್ಲೂ ಜಗಳ, ಕೂತಲ್ಲಿ ಕೂರಕ್ ಬಿಡ್ಲಿಲ್ಲ.” ದೊಡ್ಡ ಕರುಳಿನ ಒಳಪದರ ಉರಿದು, ಹುಣ್ಣಾಗಿ, ರಕ್ತ ಹೋಗುವ ಕಾಯಿಲೆ ಅವಳದು. ಬೇರೆಯವರು ಬಾಯಿಬಿಡಲು ನಾಚುವುದನ್ನು ಅವಳು ದೇವನೂರಿನ ತನ್ನ ಮನೆಯ ಜಗುಲಿಯಲ್ಲಿ ರವಿಕೆ ಹೊಲಿಯುತ್ತಲೇ ಹೇಳಿಬಿಡುತ್ತಿದ್ದಳು.

ಅವಳು ನನ್ನ ಅಮ್ಮನ ಅವಳಿ ತಂಗಿ. ಅಮ್ಮ ಗಂಗೆ, ಇವಳು ಗೌರಿ. ಇಬ್ಬರದೂ ಒಂದೇ ಅಚ್ಚು. ಅಮೃತಾಪುರಕ್ಕೆ ಮದುವೆಯಾಗಿ ಬಂದ ಅಮ್ಮ ಕಲ್ಲು ತಿಂದು ಕರಗಿಸುವವಳು. “ಒಂದೇ ಬಸುರಲ್ಲಿ ಬಂದ್ವಿ, ಒಂದೇ ತಟ್ಟೇಲಿ ಉಂಡ್ವಿ. ನಂಗ್ಯಾಕ್ ಬಂತು, ಅವಳಿಗ್ಯಾಕ್ ಬರ್ಲಿಲ್ಲ?” ಎಂದು ಚಿಕ್ಕಮ್ಮ ಕೇಳುವಾಗ ಅದರಲ್ಲಿ ಅಸೂಯೆ ಇರುತ್ತಿರಲಿಲ್ಲ. ಅವಳಿಗೆ ನಿಜಕ್ಕೂ ತಿಳಿಯಬೇಕಿತ್ತು.

ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಈ ಕಾಯಿಲೆ ಯಾಕೆ ಬರುತ್ತದೆ, ವರ್ಷಗಳು ಕಳೆದಂತೆ ಹೇಗೆ ಸಾಗುತ್ತದೆ ಎಂದು ಸಂಶೋಧನೆ ಮಾಡುತ್ತಿದ್ದ ಡಾಕ್ಟರಮ್ಮನನ್ನೂ ಅದನ್ನೇ ಕೇಳಿದಳು. ಆಕೆ ಪೆನ್ನು ಕೆಳಗಿಟ್ಟರು.

“ನಮಗೂ ಪೂರ್ತಿ ಗೊತ್ತಿಲ್ಲ. ಬರೀ ವಂಶದ್ದೇ ಆಗಿದ್ರೆ ಇಬ್ಬರಿಗೂ ಬರ್ಬೇಕಿತ್ತು. ಕರುಳಲ್ಲಿರೋ ಸೂಕ್ಷ್ಮಜೀವಿಗಳು, ಚಿಕ್ಕಂದಿನಲ್ಲಿ ತಗೊಂಡ ಔಷಧಿ, ಊಟ, ಎಲ್ಲಾ ನೋಡ್ತಿದ್ದೀವಿ. ನಿಮ್ಮಕ್ಕನ್ನೂ ಕರ್ಕೊಂಡು ಬರ್ತೀರಾ?”

ಪರೀಕ್ಷೆಗೆ ಮಲ ಕೊಡಬೇಕೆಂದು ಕೇಳಿ ಅಮ್ಮ ಮುಖ ಮುಚ್ಚಿಕೊಂಡಳು. “ಥೂ, ಅದನ್ನ ಡಬ್ಬೀಲಿ ಹಾಕ್ ಕೊಡೋದಾ? ಜನ ಏನಂದಾರು?”

“ಲೇ ಗಂಗೀ, ನಿಂಗ್ಯಾಕ್ ಬರ್ಲಿಲ್ಲ ಅಂತ ಗೊತ್ತಾದ್ರೆ ನಂಗ್ಯಾಕ್ ಬಂತು ಅಂತ ಗೊತ್ತಾಗ್ಬೋದು ಕಣೇ. ಬಾ.”

ಅಮ್ಮ ಗೊಣಗಿಕೊಂಡೇ ಹೋದಳು. ಆಮೇಲೆ ವರ್ಷ ವರ್ಷವೂ ಹೋದಳು.

ಒಮ್ಮೆ ಚಿಕ್ಕಮ್ಮ ಬಹಳ ತಿಂಗಳು ಆರಾಮಾಗಿದ್ದಳು. ಅಜ್ಜಂಪುರದ ಮದುವೆಯೊಂದರಲ್ಲಿ ಹೋಳಿಗೆ ಊಟ ಮಾಡಿ, “ಬಿಟ್ಟೋಯ್ತು ಕಣೋ,” ಎಂದು ಕುಣಿದಾಡಿದಳು. ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದಳು. ಮಳೆಗಾಲದ ಹೊತ್ತಿಗೆ ಹಾಸಿಗೆ ಹಿಡಿದಳು. ಈ ಸಲ ಯಾವ ಔಷಧಿಗೂ ಬಗ್ಗದೆ, ದೊಡ್ಡ ಕರುಳನ್ನೇ ತೆಗೆಯಬೇಕಾಯಿತು. ಆಪರೇಷನ್ನಿಗೆ ಮುಂಚೆ ಅಮ್ಮ ಅಳುತ್ತಿದ್ದರೆ ಇವಳು ಡಾಕ್ಟರಮ್ಮನ ಕೈ ಹಿಡಿದುಕೊಂಡಳು. “ತೆಗೆದಿದ್ದನ್ನ ಬಿಸಾಕ್ಬೇಡಿ ಕಣ್ರೀ, ಚೆನ್ನಾಗ್ ನೋಡಿ. ಕಾಯ್ಲೆ ಮಲಗಿತ್ತು, ನಾನು ಸತ್ತೋಯ್ತು ಅಂದ್ಕೊಂಡ್ಬಿಟ್ಟೆ.” ಡಾಕ್ಟರಮ್ಮ ತಲೆಯಾಡಿಸಿದರು.

ಮಲ ಹೋಗಲು ಹೊಟ್ಟೆಗೆ ಅಂಟಿಸಿದ ಚೀಲದೊಂದಿಗೆ ಅವಳು ಮತ್ತೆ ಹೊಲಿಗೆಗೆ ಕೂತಳು. ಹೋದ ವರ್ಷ ಇದ್ದಕ್ಕಿದ್ದಂತೆ ಹೃದಯಾಘಾತವಾಗಿ ತೀರಿಕೊಂಡಳು. ಅದಕ್ಕೆ ಕೆಲವು ವಾರ ಮುಂಚೆ ತಪಾಸಣೆಗೆ ನಾನೇ ಕರೆದುಕೊಂಡು ಹೋಗಿದ್ದೆ. ಆಸ್ಪತ್ರೆಯ ಬೆಂಚಿನ ಮೇಲೆ ಬುಕ್ಕಾಂಬುಧಿಯ ಕಾಲೇಜು ಹುಡುಗಿಯೊಬ್ಬಳು ಅಳುತ್ತಿದ್ದಳು. ಅವಳಿಗೂ ಇದೇ ಕಾಯಿಲೆಯೆಂದು ಅಂದೇ ಗೊತ್ತಾಗಿತ್ತು.

“ಯಾವಾಗ ಪೂರ್ತಿ ವಾಸಿಯಾಗುತ್ತೆ ಅಕ್ಕಾ?”

ಚಿಕ್ಕಮ್ಮ ಸುಳ್ಳು ಹೇಳಲಿಲ್ಲ. “ಅದು ಇವ್ರಿಗೂ ಗೊತ್ತಿಲ್ಲ ಕಣವ್ವ, ಹುಡುಕ್ತಾವ್ರೆ. ಎಲ್ರಿಗೂ ನನ್ ಥರಾನೇ ಆಗಲ್ಲ. ಮಾತ್ರೆ ಮಾತ್ರ ಬಿಡ್ಬೇಡ. ಏನ್ ಓದ್ತಿದ್ದೀಯಾ, ಅದ್ ಹೇಳು.”

ಕಡೂರು ಬಸ್ಸಿಗೆ ಹೊತ್ತಾಯಿತೆಂದು ನಾನು ಅವಸರ ಮಾಡಿದೆ.

“ನೀನ್ ಹೋಗೋ, ನಾನ್ ಆಮೇಲ್ ಬತ್ತೀನಿ.”

ಗೇಟಿನ ಬಳಿ ತಿರುಗಿ ನೋಡಿದೆ. ಹುಡುಗಿ ಕೈ ಆಡಿಸುತ್ತಾ ಏನೋ ಹೇಳುತ್ತಿದ್ದಳು. ಚಿಕ್ಕಮ್ಮ ಚಪ್ಪಲಿ ಬಿಟ್ಟು, ಬೆಂಚಿನ ಮೇಲೆ ಕಾಲು ಮಡಿಸಿಕೊಂಡು, ಕೇಳುತ್ತಾ ಕೂತಿದ್ದಳು.