ಅರಿಶಿನ ಬಟ್ಟೆಯ ಹೊಂಗೆ

ಜರಗನಹಳ್ಳಿಯ ಬೋರಣ್ಣನಿಗೆ ಅರವತ್ತೊಂದು ವರ್ಷ. ಅಪ್ಪನ ಕಾಲದ ರಾಗಿ ಹೊಲ ಈಗ ಮೂರಂತಸ್ತಿನ ಮನೆ. ಕೆಳಗಿನ ಎರಡರಲ್ಲಿ ಬಾಡಿಗೆಯವರು, ಮೂರನೆಯದರಲ್ಲಿ ಬೋರಣ್ಣ ಮತ್ತು ಹೆಂಡತಿ ಅಕ್ಕಯಮ್ಮ, ಅದರ ಮೇಲಿನ ತಾರಸಿಯಲ್ಲಿ ಮುನ್ನೂರು ಹೊಂಗೆ ಸಸಿ. ಹೊಲ ಹೋದರೂ ಮಣ್ಣಿನ ಚಟ ಹೋಗಿರಲಿಲ್ಲ.

ಹೊಂಗೆ ಎಣ್ಣೆಯಿಂದ ಡೀಸೆಲ್ ಮಾಡುತ್ತಾರೆಂದು ಅವನಿಗೆ ಹೇಳಿದ್ದು ಕೋಡಿಹಳ್ಳಿ ಕಡೆ ರೈತರ ಗುಂಪು ನಡೆಸುವ ನಾರಾಯಣಮ್ಮ. ಬದುವಿನಲ್ಲಿ ನೆಟ್ಟರೆ ನೀರು ಕೇಳದ ಮರ, ಬೀಜ ಕೊಳ್ಳುವವರೂ ಇದ್ದಾರೆ. ತೊಂದರೆಯೆಂದರೆ, ಬೀಜದಿಂದ ಎದ್ದ ಗಿಡ ತಾಯಿಯಂತೆ ಕಾಯಿ ಬಿಡುತ್ತದೆಂಬ ಭರವಸೆಯಿಲ್ಲ. ಏಳೆಂಟು ವರ್ಷ ಸಾಕಿಸಿಕೊಂಡು ಬರೀ ನೆರಳು ಕೊಟ್ಟು ಕೈತೊಳೆದುಕೊಳ್ಳುವ ಮರಗಳುಂಟು. ಚೆನ್ನಾಗಿ ಕಾಯಿ ಬಿಡುವ ಮರದ ಕಡ್ಡಿ ಕೂರಿಸಿದ ಕಸಿ ಗಿಡಕ್ಕೆ ಆ ಭಯವಿಲ್ಲ, ಆದರೆ ನರ್ಸರಿಯಲ್ಲಿ ಅದರ ಬೆಲೆ ಕೇಳಿದ ರೈತ ಬದುವನ್ನೇ ಮರೆಯುತ್ತಾನೆ. ಬೋರಣ್ಣ ಮೂರು ದಿನದ ತರಬೇತಿಗೆ ಹೋಗಿ ಕಸಿ ಕಲಿತ. ಕಸಿವಿಸಿ ಆಮೇಲೆ ಶುರುವಾಯಿತು.

ಬೀಜ ರಸ್ತೆಬದಿಯಲ್ಲಿ ಗುಡಿಸಿದ್ದು. ಸಸಿಯ ಚೀಲ ಬಾಡಿಗೆಯವರ ಹಾಲಿನ ಕವರು, ಕಸಿ ಕಟ್ಟುವ ಪಟ್ಟಿಯೂ ಅದೇ. ಕಡ್ಡಿಗೆ ಮಾತ್ರ ಜೆ.ಪಿ. ನಗರದ ಅಡ್ಡರಸ್ತೆಯೊಂದರ ಹೊಂಗೆಯೇ ಆಗಬೇಕು. ನಾಲ್ಕು ಬೇಸಿಗೆ ಅದರ ಬುಡದಲ್ಲಿ ಕಾಯಿ ಆರಿಸಿ, ತೂಗಿ, ಒಪ್ಪಿದ ಮರ. ಕರೆಂಟ್ ತಂತಿಗೆ ತಾಗುವ ಕೊಂಬೆ ಕಡಿಯುವವರು ಆ ರಸ್ತೆಗೆ ಬರುತ್ತಾರೆಂದು ತಿಳಿದಾಗ ಗುರುತು ಹಾಕಬೇಕೆನಿಸಿತು. ಬಣ್ಣ ಬಳಿದರೆ ಕಡಿಯಬೇಕಾದ ಮರವೆಂದೇ ತಿಳಿದಾರು. ಅದಕ್ಕೆ ಅರಿಶಿನದಲ್ಲಿ ಅದ್ದಿದ ಬಟ್ಟೆ ಸುತ್ತಿ, ಮೇಲೆರಡು ಬೊಟ್ಟು ಕುಂಕುಮ ಇಟ್ಟು ಬಂದ.

ಉಪಾಯ ಫಲಿಸಿತು, ತುಸು ಹೆಚ್ಚೇ ಫಲಿಸಿತು. ಕಡಿಯುವವರು ಕೈಮುಗಿದು ಮುಂದಿನ ಮರಕ್ಕೆ ಹೋದರು. ಮೂರು ವಾರದ ಮೇಲೆ ಬೋರಣ್ಣ ಏಣಿ, ಕತ್ತರಿ ಹಿಡಿದು ಹೋದರೆ ಬುಡಕ್ಕೆ ಕಟ್ಟೆ ಬಂದಿತ್ತು. ಹೂವು, ನಿಂಬೆಹಣ್ಣು, ಸುತ್ತು ಬರುವ ಹೆಂಗಸರು. ಎಲೆ ಉದುರಿ ಕಡ್ಡಿಯ ಕಣ್ಣುಗಳು ಉಬ್ಬಿದ್ದವು. ಇನ್ನೊಂದು ವಾರಕ್ಕೆ ಚಿಗುರೊಡೆದರೆ ಕಸಿಗೆ ಬಾರವು, ಕಸಿ ಗಿಡ ಕೊಡುತ್ತೇನೆಂದು ನಾರಾಯಣಮ್ಮನ ಗುಂಪಿನ ನಲವತ್ತು ರೈತರಿಗೆ ಕೊಟ್ಟ ಮಾತು ಒಂದು ವರ್ಷ ಮುಂದಕ್ಕೆ.

ಏಣಿ ಆನಿಸಿದ್ದೇ ತಡ, ಎದುರು ಮನೆಯ ಬಸವಲಿಂಗಮ್ಮ ಬಂದು ನಿಂತಳು. ಕೊಪ್ಪಳದ ಕಡೆಯಿಂದ ಮಗಳ ಬಾಣಂತನಕ್ಕೆ ಬಂದು ಇಲ್ಲೇ ಉಳಿದವಳು.

“ಏನ್ರಿ ಅಣ್ಣಾರ, ದೇವ್ರ ಗಿಡಕ್ಕ ಕತ್ತರಿ ಹಚ್ಚಾಕ ಹತ್ತೀರಿ?”

“ಅಮ್ಮಾ, ಆ ಬಟ್ಟೆ ಕಟ್ಟಿದ್ದೇ ನಾನು. ಗುರ್ತಿಗೆ ಅಂತ.”

“ಕಟ್ಟಿದಾಂವ ನೀವ ಇರಬಹುದು. ನಮ್ಮ ಮೊಮ್ಮಗಳ ಜ್ವರ ಇಳಿಸಿದಾಂವ ನೀವಲ್ಲಲ್ರಿ.”

ಬೋರಣ್ಣ ಏಣಿ ಹೆಗಲಿಗೇರಿಸಿದ. ಮನೆಗೆ ಬಂದರೆ ಅಕ್ಕಯಮ್ಮ, “ದೇವ್ರನ್ನ ಕೂರ್ಸೋದು ಸುಲಭ, ಎಬ್ಸೋದು ಕಷ್ಟ. ಗುರ್ತಿಗೆ ನಿಮ್ಮ ಹಳೇ ಚಪ್ಲಿ ನೇತಾಕಿದ್ರೆ ಆಗ್ತಿರ್ಲಿಲ್ವಾ?” ಎಂದಳು.

ಎರಡು ದಿನ ಯೋಚಿಸಿ ಬೋರಣ್ಣ ಬಸವಲಿಂಗಮ್ಮನನ್ನೇ ತಾರಸಿಗೆ ಕರೆತಂದ. ಸಸಿಯೊಂದರ ತಲೆ ಕತ್ತರಿಸಿ, ಕಾಂಡ ಸೀಳಿ, ಬೇರೆ ಮರದ ಕಡ್ಡಿ ಕೂರಿಸಿ ಕಟ್ಟಿ ತೋರಿಸಿದ. ಯಾರಿಗೆ, ಏತಕ್ಕೆ ಎಂಬುದನ್ನೂ ಹೇಳಿದ. ಆಕೆ ಬಗ್ಗಿ ನೋಡಿದಳು.

“ಇದು ಲಗ್ನನ ಆತಲ್ರಿ.”

“ಹಂಗೇ ಅನ್ಕೊಳಿ.”

“ಮತ್ತ ಲಗ್ನದ ಹಂದರಕ್ಕ ಟೊಂಗಿ ಹೆಂಗ ತರ್ತೀರಿ ನಿಮ್ಮ ಕಡೆ? ಸೀದಾ ಏಣಿ ಹತ್ತತೀರೇನು? ಉಡಿ ತುಂಬಿ, ಕೈಮುಗಿದು, ಗಿಡಾನ್ನ ಕೇಳಿ ಕಡಿಯೂದಲ್ಲೇನು?”

ಇಬ್ಬರು ತಂಗಿಯರ ಮದುವೆಗೂ ಚಪ್ಪರದ ಹಾಲುಗಂಬವನ್ನು ಹಾಗೆ ಕೇಳಿಯೇ ತಂದವನು ಬೋರಣ್ಣ. ತಾನು ಆರಿಸಿದ ಮರ ಎಂಬ ಸಲಿಗೆಯಲ್ಲಿ ಮರೆತಿದ್ದ.

ಸೋಮವಾರ ಬೆಳಿಗ್ಗೆ ಅಕ್ಕಯಮ್ಮ ಅಕ್ಕಿ, ಬೆಲ್ಲ, ತೆಂಗಿನಕಾಯಿ ತಂದು ಮರದ ಉಡಿ ತುಂಬಿದಳು. ಹೆಂಗಸರೇ ಏಣಿ ಹಿಡಿದರು. ಏಣಿ ಹಿಡಿದವರಿಗೆ ಆಜ್ಞೆಯ ಅಧಿಕಾರವೂ ಬಂದುಬಿಡುತ್ತದೆ. ಪೂರ್ವದ ಕೊಂಬೆ ಮಾತ್ರ, ಅದರಲ್ಲೂ ತುದಿ ಮಾತ್ರ. ನೂರಿಪ್ಪತ್ತು ಕಡ್ಡಿ ಸಿಕ್ಕವು. ಒದ್ದೆ ಗೋಣಿಯಲ್ಲಿ ಸುತ್ತಿ ತಂದು ಅಂದೇ ಕಟ್ಟಿ ಮುಗಿಸಿದ. ತಿಂಗಳು ಕಳೆದು ಎಣಿಸಿದರೆ ಚಿಗುರಿದ್ದು ಎಂಬತ್ತಮೂರು.

ನಾರಾಯಣಮ್ಮನಿಗೆ ಫೋನ್ ಮಾಡಿದ. “ಒಬ್ಬೊಬ್ರಿಗೆ ಎರಡೇ ಬರೋದು ಕಣಮ್ಮ. ಮಿಕ್ಕಿದ್ದು ಮುಂದಿನ ವರ್ಷ, ಅದೂ ಮರ ಒಪ್ಪಿದ್ರೆ.”

“ಕಸಿ ಕಟ್ಟೋದು ಭಾಳ ಕಷ್ಟವಾ ಬೋರಣ್ಣ?”

“ಬ್ಲೇಡು, ಹಾಲಿನ ಕವರು ಇದ್ರೆ ಆಯ್ತು. ಕೈ ಕೂರ್ಬೇಕು ಅಷ್ಟೇ.”

“ಹಂಗಾದ್ರೆ ಎರಡೇ ಸಾಕು. ದೊಡ್ಡವಾದ್ಮೇಲೆ ಕಡ್ಡಿ ನಮ್ಮ ಬದುವಲ್ಲೇ ಸಿಗ್ತದಲ್ಲ. ನೀನು ಬಂದು ಕಲಿಸ್ಕೊಡು.”

ಭಾನುವಾರ ಕಸಿ ಗಿಡಗಳನ್ನು ಗೂಡ್ಸ್ ಆಟೋಗೆ ತುಂಬಿ ಬೋರಣ್ಣ ಕನಕಪುರ ರಸ್ತೆ ಹಿಡಿದ. ಕೋಡಿಹಳ್ಳಿಯಲ್ಲಿ ಗಿಡ ಹಂಚಿದ್ದಾಯಿತು, ಬೇಲಿಯ ಹೊಂಗೆ ಕಡ್ಡಿಗಳ ಮೇಲೆ ಪಾಠ ಶುರುವಾಯಿತು. ಮೊದಲ ದಿನ ಹೆಚ್ಚಿನವರು ಕುಯ್ದುಕೊಂಡದ್ದು ಬೆರಳನ್ನೇ. ಮೂರನೆಯ ಭಾನುವಾರಕ್ಕೆ ಹನ್ನೊಂದು ಜನರ ಕಟ್ಟು ಬಿಗಿಯಾಗಿ ಕೂತಿತ್ತು, ಎಲ್ಲರಿಗಿಂತ ಬಿಗಿ ನಾರಾಯಣಮ್ಮನದು.